ಅರ್ಧ ಚಮಚ ಪುಡಿ

ಸಂಕ್ರಾಂತಿಯ ಎಳ್ಳಿಗೆ ಕಡಲೆಬೀಜ ಬೆರೆಸಬಾರದು ಎಂದು ಸರ್ವಮಂಗಳಾ ಹಟ ಹಿಡಿದಾಗ ಅತ್ತೆ ದೇವಿರಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ಕೃಷ್ಣಮೂರ್ತಿಪುರದಲ್ಲಿ ಮನೆಮನೆಗೂ ಎಳ್ಳು ಬೀರ್ಬೇಕು. ಕಡಲೆಬೀಜ ಇಲ್ದಿರೋ ಎಳ್ಳು ಕೊಟ್ರೆ ಜಿಪುಣ್ರು ಅಂತಾರೆ ಕಣಮ್ಮ."

"ಹೋದ ತಿಂಗಳು ಒಂದೇ ಒಂದು ಬೀಜ ತಿಂದು ಮಗು ಮುಖ ಊದ್ಕೊಂಡಿದ್ದು ನೀವೂ ನೋಡಿದ್ರಲ್ಲ ಅತ್ತೆ."

"ಅದು ದೃಷ್ಟಿ. ನಾನು ಏಳು ಹೆತ್ತೋಳು, ಒಂದಕ್ಕೂ ಕಡಲೆಬೀಜ ಹಗೆ ಆಗ್ಲಿಲ್ಲ. ನಿನ್ನ ಮಗಳೇನು ಅರಮನೇಲಿ ಹುಟ್ಟಿದ್ಲಾ?"

ಗಂಡ ಗುರುಸಿದ್ದಯ್ಯ ನಕ್ಕ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ದೃಷ್ಟಿ, ತಾಯಿತಗಳನ್ನು ಆ ಮನೆಯಲ್ಲಿ ಗೇಲಿ ಮಾಡುತ್ತಿದ್ದವನು ಅವನೊಬ್ಬನೇ. "ಬುಡವ್ವಾ. ಒಂದು ವರ್ಷ ಕಡಲೆಬೀಜ ಹಾಕ್ದೆ ಇದ್ರೆ ಸೂರ್ಯ ಉತ್ತರಕ್ಕೆ ತಿರುಗಲ್ವಾ?"

ತನ್ನ ಕಡೆಗೆ ಒಬ್ಬನಾದರೂ ಇದ್ದಾನೆ ಎಂದು ಸರ್ವಮಂಗಳಾಗೆ ಧೈರ್ಯ ಬಂತು. ಅಡುಗೆಮನೆಯ ಡಬ್ಬಿಗಳನ್ನು ದಿನವೂ ಮೂಸಿ ನೋಡುವುದನ್ನು ಅಂದಿನಿಂದ ಬಿಟ್ಟಳು.

ಹಬ್ಬ ಕಳೆದು ಬಂದ ಭಾನುವಾರ, ಮಧ್ಯಾಹ್ನ. ಬಿಸಿ ಅನ್ನಕ್ಕೆ ತುಪ್ಪ, ಚಟ್ನಿಪುಡಿ ಹಾಕಿ ಕಲಸಿ ಮೂರು ವರ್ಷದ ಪಂಕಜಾಳಿಗೆ ತುತ್ತು ಕೊಡುತ್ತಿದ್ದಳು. ಮೂರನೆಯ ತುತ್ತಿಗೆ ಮಗು ಮುಖ ತಿರುಗಿಸಿತು.

"ಬೇಡಮ್ಮ. ಚುಚ್ತದೆ."

"ಖಾರ ಇಲ್ಲ ಕಣೇ. ಇನ್ನೊಂದೇ ತುತ್ತು, ಜಾಣೆ." ಗಲ್ಲ ಹಿಡಿದು ಬಾಯಿಗಿಟ್ಟಳು.

ಗುರುಸಿದ್ದಯ್ಯ ಬಾಗಿಲಿಗೆ ಒರಗಿ ಕೈಗಡಿಯಾರ ನೋಡುತ್ತಿದ್ದ. ಎಲ್ಲಿಗೋ ಹೊರಡುವವನಿರಬೇಕು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆಲ್ಲ ಮಗುವಿನ ತುಟಿ ದಪ್ಪಗಾಯಿತು. ಕಣ್ಣು ಮುಚ್ಚಿಕೊಂಡವು. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು. ಜಟಕಾ ಹತ್ತಿಸಿಕೊಂಡು ಡಾಕ್ಟರ ಬಳಿಗೆ ಓಡಿದರು. ಡಾಕ್ಟರು ಸೂಜಿ ಚುಚ್ಚಿ, ಉಸಿರು ತಿಳಿಯಾಗುವವರೆಗೂ ಎದೆಯ ಮೇಲಿನ ಕೈ ತೆಗೆಯಲಿಲ್ಲ. ಆಮೇಲೆ ಕೇಳಿದರು:

"ಏನು ತಿನ್ನಿಸಿದ್ರಿ ತಾಯಿ?"

"ದಿನಾ ತಿನ್ನೋದೇ ಡಾಕ್ಟ್ರೇ. ಅನ್ನ, ಚಟ್ನಿಪುಡಿ. ಬರೀ ಹುರಿಗಡಲೇದು."

ಗುರುಸಿದ್ದಯ್ಯ ಗಂಟಲು ಸರಿಮಾಡಿಕೊಂಡ. "ಅದಕ್ಕೆ ಕಡಲೆಬೀಜದ ಪುಡಿ ಬೆರೆಸಿದ್ದೆ. ಅರ್ಧ ಚಮಚ, ಅಷ್ಟೇ."

ಡಾಕ್ಟರು ಅವನನ್ನೇ ನೋಡಿದರು. "ವಾರಕ್ಕೊಂದಾದ್ರೂ ಇಂಥ ಮಗು ಬರ್ತದೆ ಮೇಷ್ಟ್ರೇ. ಒಂದಕ್ಕೆ ಹಾಲು ಆಗಲ್ಲ, ಒಂದಕ್ಕೆ ಮೊಟ್ಟೆ, ಇನ್ನೊಂದಕ್ಕೆ ಎಳ್ಳು. ಅಮ್ಮಂದಿರು ಮೊದಲೇ ಹೇಳಿರ್ತಾರೆ. ಮನೇವ್ರು ಕೇಳಿರಲ್ಲ."

ಮನೆಗೆ ಮರಳುವಾಗ ಜಟಕಾದಲ್ಲಿ ಅವನೇ ಮಾತು ತೆಗೆದ. "ನೀನೊಂದು ಅಂತೀಯ, ಅವ್ವ ಒಂದು ಅಂತಾಳೆ. ಪರೀಕ್ಷೆ ಮಾಡ್ದೆ ಯಾರ ಮಾತು ನಿಜ ಅನ್ನಲಿ? ಮೊದಲೇ ಹೇಳಿದ್ರೆ ನಿನ್ನ ಹೆದರಿಕೆ ಮಗೂಗೂ ಅಂಟ್ತಿತ್ತು. ಈಗ ನೋಡು, ಖಾತ್ರಿಯಾಯ್ತು. ನೀನೇ ಗೆದ್ದೆ."

"ನನ್ನ ಕೈಯಿಂದಾನೇ ತಿನ್ನಿಸಿದ್ರಲ್ರೀ."

"ಬೇರೆಯವರ ಕೈಲಿ ಅವಳು ತಿನ್ನಲ್ವಲ್ಲ."

ಸರ್ವಮಂಗಳಾ ಮಗುವನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡು ರಸ್ತೆಯ ಕಡೆಗೆ ತಿರುಗಿದಳು.

ಮರುದಿನ ಪಾತ್ರೆಗಳನ್ನೆಲ್ಲ ತಿಕ್ಕಿ, ಡಬ್ಬಿಗಳನ್ನು ಖಾಲಿ ಮಾಡಿ, ಬರೀ ಅನ್ನ ಮೊಸರು ಕಲಸಿದಳು. ತುತ್ತು ಹತ್ತಿರ ಬರುತ್ತಲೇ ಪಂಕಜಾ ಊದಿದ ತುಟಿಗಳನ್ನು ಬಿಗಿದುಕೊಂಡಳು. ಮುದ್ದಿಸಿದಳು, ಮೊದಲು ತಾನೇ ತಿಂದು ತೋರಿಸಿದಳು. ಮಗು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿಯಿತು.

"ಅಮ್ಮ ಬೇಡ. ಅಮ್ಮ ಚುಚ್ತಾಳೆ."

ಸ್ಕೂಲಿಗೆ ಹೊರಟಿದ್ದ ಗುರುಸಿದ್ದಯ್ಯ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. "ಬಾ ಮರಿ, ನಾನು ಕೊಡ್ತೀನಿ."

ಪಂಕಜಾ ಓಡಿಹೋಗಿ ಅವನ ತೊಡೆ ಏರಿ ಬಾಯಿ ತೆರೆದಳು.

ನಿನ್ನೆಯಿಂದ ಮಗುವಿನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸರ್ವಮಂಗಳಾ ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.