ಹತ್ತು ಸೆಕೆಂಡಿನ ಆಚೆ

ವಿದ್ಯುತ್ ಕೇಂದ್ರದ ಜನರೇಟರಿನ ಶಾಫ್ಟು ಮುರಿದು, ಪಕ್ಕದಲ್ಲಿದ್ದ ಫಿಟ್ಟರ್ ಸತ್ತು, ಮೂರು ತಿಂಗಳಾಗಿತ್ತು. ಯಂತ್ರವನ್ನು ಗ್ರಿಡ್ಡಿಗೆ ಸೇರಿಸುವಾಗ ಆಪರೇಟರ್ ಅವಸರಪಟ್ಟದ್ದೇ ಕಾರಣವೆಂದು ವಿಚಾರಣೆ ಮುಗಿದಿತ್ತು. ಆಪರೇಟರ್ ನನ್ನ ಭಾವ, ಅಕ್ಕನ ಗಂಡ. ತೀರ್ಮಾನಕ್ಕೆ ಆಧಾರವಾದದ್ದು ನನ್ನ ವರದಿ: ಕಂಪ್ಯೂಟರಿನೊಳಗಿನ ಮಾದರಿಯಲ್ಲಿ ಶಾಫ್ಟನ್ನು ತಿರುಚುವ ಬಲ ಹತ್ತು ಸೆಕೆಂಡಿನಲ್ಲಿ ಶಾಂತವಾಗುತ್ತದೆ, ಯಂತ್ರ ನಿರ್ದೋಷಿ.

ಹತ್ತು ಸೆಕೆಂಡು ನಮ್ಮ ಕಚೇರಿಯ ರೂಢಿ. ಕಂಪ್ಯೂಟರುಗಳು ಮುದಿ ಎತ್ತಿನಂತೆ ಏದುಸಿರು ಬಿಡುತ್ತಿದ್ದ ಕಾಲದಲ್ಲಿ ಯಾರೋ ಅಷ್ಟಕ್ಕೆ ನಿಲ್ಲಿಸಿದ್ದರು. ಕಂಪ್ಯೂಟರುಗಳು ಬದಲಾದವು, ನಾವು ಬದಲಾಗಲಿಲ್ಲ.

"ಗ್ರಿಡ್ಡಿಗೆ ಸೇರಿಸಿ ಒಂದೂವರೆ ನಿಮಿಷ ಆದ್ಮೇಲೆ ಮುರೀತು," ಎಂದು ಭಾವ ಮೊದಲ ದಿನವೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ನಾನೂ. ಅಕ್ಕ ನನ್ನೊಡನೆ ಮಾತು ಬಿಟ್ಟ ಮೇಲೆ, ಒಂದು ಮಧ್ಯಾಹ್ನ, ಮಾದರಿಯನ್ನು ಎರಡು ನಿಮಿಷ ಓಡಲು ಬಿಟ್ಟೆ.

ನಲವತ್ತನೆಯ ಸೆಕೆಂಡಿನಲ್ಲಿ ಪರದೆಯ ಮೇಲೆ ಆ ಬಲವನ್ನು ತೋರಿಸುವ ಗೆರೆ ಉಸಿರಾಡತೊಡಗಿತು. ಮಲಗಿದವರ ಎದೆಯಂತೆ ನಿಧಾನ. ಒಂದು ಏರಿಳಿತಕ್ಕೆ ಮೂರು ಸೆಕೆಂಡು, ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಎತ್ತರ. ತೊಂಬತ್ತರ ಹೊತ್ತಿಗೆ ಉಕ್ಕು ತಾಳುವ ಮಿತಿಯನ್ನು ದಾಟಿತು.

ಮುಖ್ಯಸ್ಥರು ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಕಣ್ರೀ. ಆದ್ರೆ ಹೋದ ಸಲ ಸಹಿ ಹಾಕಿದ್ದೂ ನೀವೇ, ಈಗ ಸುಳ್ಳು ಅಂತಿರೋದೂ ನೀವೇ. ಅವರು ನಿಮ್ಮ ಭಾವ ಬೇರೆ. ಯಾವ ಸಹೀನ ನಂಬ್ಲಿ?"

ಗೆರೆ ಮುದ್ರಿಸಿದ ಕಾಗದ ಹಿಡಿದು ಅಕ್ಕನ ಮನೆಗೆ ಹೋದೆ.

"ಬಾರಪ್ಪ, ಪಂಡಿತ," ಎಂದಳು ಅಕ್ಕ, ಬಾಗಿಲು ಪೂರ್ತಿ ತೆರೆಯದೆ. "ಇನ್ನೇನು ಉಳ್ದಿದೆ ಅಂತ ಬಂದೆ?"

ಭಾವ ಕಿಟಕಿಯ ಬಳಿ ಕೂತಿದ್ದರು. ಬಲಗೈ ಮೇಜಿನ ಮೇಲೆ ಇಲ್ಲದ ಸ್ವಿಚ್ಚನ್ನು ಮತ್ತೆ ಮತ್ತೆ ತಿರುಗಿಸುತ್ತಿತ್ತು. ನಾನು ಗೆರೆ ತೋರಿಸಿ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಹತ್ತು ಸೆಕೆಂಡಿಗೇ ನೋಡುವುದನ್ನು ನಿಲ್ಲಿಸಿದವನು ನಾನು, ಎಂದೆ.

"ಇಲ್ಲ ಕಣೋ," ಎಂದರು ಸಾವಧಾನವಾಗಿ. "ನಾನೇ ಅವಸರ ಮಾಡ್ದೆ. ಮೊದ್ಲು ನೆನಪಿರ್ಲಿಲ್ಲ. ನಿನ್ನ ವರದಿ ಓದ್ತಾ ಓದ್ತಾ ಎಲ್ಲಾ ನೆನಪಾಯ್ತು. ಸೇರಿಸೋ ಹೊತ್ತು ತೋರ್ಸೋ ಮೀಟರಿನ ಮುಳ್ಳು ಇನ್ನೂ ಮೇಲೆ ಬಂದಿರ್ಲಿಲ್ಲ, ಸ್ವಿಚ್ಚು ತಿರುಗಿಸಿಬಿಟ್ಟೆ."

"ಹಾಗಾಗ್ಲೇ ಇಲ್ಲ ಭಾವ! ದಾಖಲೆಯಲ್ಲಿ ಮುಳ್ಳು ಸರಿಯಾಗೇ ಇದೆ, ವಿಚಾರಣೆಯವ್ರು ಅದನ್ನ ತೆಗೆದೂ ನೋಡಿಲ್ಲ."

"ಸತ್ತ ಆ ಫಿಟ್ಟರ್ ಹುಡುಗನ ತಾಯಿ ಹತ್ರಾನೂ ಹೋಗಿ ಒಪ್ಕೊಂಡು ಬಂದೆ."

ಅಕ್ಕ ಗೋಡೆಗೆ ಒರಗಿದಳು. ಭಾವ ಕಾಗದವನ್ನು ನಾಲ್ಕಾಗಿ ಮಡಿಸಿ ನನ್ನ ಜೇಬಿಗೆ ಸೇರಿಸಿ, ಭುಜ ತಟ್ಟಿದರು. "ನನ್ನ ಉಳ್ಸೋಕೆ ಅಂತ ನೀನು ಸುಳ್ಳು ಹೇಳ್ಬೇಡಪ್ಪ."