ಹುಲ್ಲಪ್ಪನ ಅಂಗಾಲು

ಕಮತಗಿಯ ಬಡಿಗ ಹುಲ್ಲಪ್ಪ ಮರದ ನೆಲವನ್ನು ಮೊದಲು ಕೈಯಿಂದ ಮುಟ್ಟಿದವನಲ್ಲ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಕಡುಬೇಸಿಗೆಯಲ್ಲೂ ಕಳಚದ ತನ್ನ ಬೂದುಬಣ್ಣದ ಕೋಟಿನ ಗುಂಡಿ ಹಾಕಿಕೊಂಡು, ಮಲಗಿದ ಕೂಸು ಎಚ್ಚರಗೊಂಡೀತೆಂಬಂತೆ ಹೆಜ್ಜೆಯೂರುತ್ತ, ಕಣ್ಣು ಮುಚ್ಚಿ ಅದರ ಮೇಲೆ ನಡೆಯುವವನು. ಯಾರು ಏನು ಕೇಳಿದರೂ ಅವನ ಮೊದಲ ಮಾತು ಒಂದೇ: "ತಡೀರಿ."

ಬಾಗಲಕೋಟೆಯ ನವನಗರದ ನಿವೃತ್ತ ಶಿಕ್ಷಕಿ ಪ್ರೇಮಾಬಾಯಿಯವರಿಗೆ ತಡೆಯುವ ವ್ಯವಧಾನವಿರಲಿಲ್ಲ. ಅವರ ದೇವರ ಕೋಣೆಯ ನೆಲಕ್ಕೆ ಹಾಸಿದ್ದು ತೇಗದ ಹಲಗೆಗಳು. ಅಣೆಕಟ್ಟಿನ ಹಿನ್ನೀರು ಹಳೆಯ ಮನೆಯನ್ನು ನುಂಗುವ ಮುನ್ನ ಪತಿ ಗುರುರಾಜರು ಒಂದೊಂದಾಗಿ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದವು. ಆ ಮನೆಯಿಲ್ಲ, ಎರಡು ವರ್ಷದಿಂದ ಗುರುರಾಜರೂ ಇಲ್ಲ. ಉಳಿದ ಹಲಗೆಗಳ ಮೇಲೀಗ ಕಪ್ಪು ನೀರುಕಲೆ ಹಬ್ಬುತ್ತಿತ್ತು. ಮಾಳಿಗೆ ಸೋರುತ್ತಿದೆಯೆಂದು ಎರಡು ಸಲ ಗಿಲಾವು ಮಾಡಿಸಿ ಸೋತ ಮಗ ಮಿಲಿಂದ, ಸೋಮವಾರ ಎಲ್ಲವನ್ನೂ ಕಿತ್ತು ಟೈಲ್ಸ್ ಹಾಕಿಸುವುದೆಂದು ನಿಶ್ಚಯಿಸಿಬಿಟ್ಟಿದ್ದ. ಅಷ್ಟರೊಳಗೆ ಹಲಗೆಗಳನ್ನು ಉಳಿಸಲಾದೀತೇ ಎಂದು ಪ್ರೇಮಾಬಾಯಿ ಹುಲ್ಲಪ್ಪನನ್ನು ಕರೆಸಿದರು.

ಹುಲ್ಲಪ್ಪ ಬಚ್ಚಲಿನ ಬಾಗಿಲಿಂದ ದೇವರ ಮುಂದಿನವರೆಗೆ ನಡೆದು ಕಣ್ಣು ತೆರೆದ.

"ನೀರು ಮ್ಯಾಲಿಂದ ಬಂದಿಲ್ರಿ ಅವ್ವಾರ. ಬಚ್ಚಲದಿಂದ ನಡಕೋತ ಬಂದು ಇಲ್ಲಿ ಕುಂತೈತಿ."

ಪ್ರೇಮಾಬಾಯಿಯವರ ಮುಖ ಬಾಡಿತು. ಗಂಡ ತೀರಿಕೊಂಡಂದಿನಿಂದ ಅವರು ಒದ್ದೆ ಮಡಿ ಹಿಡಿದಿದ್ದರು. ಉಟ್ಟ ಸೀರೆಯ ಮೇಲೇ ನೀರು ಸುರಿದುಕೊಂಡು, ತೊಟ್ಟಿಕ್ಕುವ ಮೈಯಲ್ಲೇ ಬಂದು, ದೇವರೆದುರು ತಾಸುಗಟ್ಟಲೆ ಕೂಡುತ್ತಿದ್ದರು.

"ಅಂದ್ರ ಅವರು ತಂದದ್ದನ್ನ ನಾನೇ ಕೆಡಿಸಿದೆನೇನೋ, ಹುಲ್ಲಪ್ಪಾ?"

"ತಡೀರಿ. ಕಲೆ ಭಾಳ ಆಳ ಇಳದಿಲ್ಲ. ತೇಗ ಗಟ್ಟಿ ಜೀವ."

ಹಲಗೆಗಳನ್ನು ಎರಡು ದಿನ ಗಾಳಿಗೆ ಒಣಗಿಸಿದ. ಹಳೆಯ ಪಾಲಿಶ್ ಕೆರೆದ. ಕಲೆ ತೆಗೆಯುವ ಬಿಳಿಪುಡಿಯನ್ನು ಕರಗಿಸಿ, ಚಿಂದಿಯಲ್ಲಿ ಅದ್ದಿ, ಗಾಯಕ್ಕೆ ಔಷಧಿ ಹಚ್ಚುವವನಂತೆ ಒತ್ತಿದ, ಒರೆಸಿದ, ಮತ್ತೆ ಒತ್ತಿದ. ಹೊಸ್ತಿಲಲ್ಲಿ ಕುಳಿತ ಪ್ರೇಮಾಬಾಯಿ ನೋಡುತ್ತಿದ್ದಂತೆ ಕಪ್ಪು ಕಂದಾಯಿತು, ಕಂದು ತಿಳಿಯಾಯಿತು. ಭಾನುವಾರ ಸಂಜೆ ಅಗಸೆಎಣ್ಣೆ ತೀಡಿದಾಗ, ಮದುಮಗಳಾಗಿ ಹಳೆಯ ಮನೆಯಲ್ಲಿ ತಾವು ತುಳಿದ ಬಣ್ಣವೇ ಎದ್ದುಬಂದುದನ್ನು ಕಂಡು ಅವರು ಹೊಸ್ತಿಲಿಂದಲೇ ಬಾಗಿ ಹಲಗೆಯ ಅಂಚನ್ನು ಬೆರಳಿಂದ ಸವರಿದರು. ಮಿಲಿಂದ ತಾನಾಗಿಯೇ ಟೈಲ್ಸಿನವರಿಗೆ ಫೋನು ಮಾಡಿ ಬರಬೇಡಿರೆಂದ.

ಹುಲ್ಲಪ್ಪ ಚೀಲದಿಂದ ಒಂದು ಮಣೆ ತೆಗೆದ. ಅದರ ಸುತ್ತ ಕೊರೆದ ಕಾಲುವೆಯಿಂದ ನೀರು ಕೆಳಗಿನ ತಾಟಿಗೆ ಇಳಿಯುವಂತಿತ್ತು.

"ಸೀರಿ ಬಚ್ಚಲದಾಗ ಹಿಂಡಿ ಬಂದು ಇದರ ಮ್ಯಾಲೆ ಕುಂದರ್ರಿ."

"ಮಡಿ ಬಿಡ್ರಿ ಅನ್ನಲಿಲ್ಲಲ್ಲೋ ನೀ!"

"ನಿಮಗ ಮಡಿ ಬೇಕು, ಹಲಿಗಿಗೆ ನೀರು ಬ್ಯಾಡ. ಇಬ್ಬರದೂ ನಡೀಬೇಕಲ್ರಿ."

ಪ್ರೇಮಾಬಾಯಿ ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವರು. ಆ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. ತಪ್ಪು ತೋರಿಸುವ ಜಾಣರಿಗೆ ಲೋಕದಲ್ಲಿ ಬರವಿಲ್ಲ. ತಪ್ಪನ್ನು ಮುಚ್ಚಿಡದೆ ಹೇಳಿ, ಹೇಳಿಸಿಕೊಂಡವರು ತಲೆಯೆತ್ತಿ ಕೂಡಲು ಒಂದು ಜಾಗವನ್ನೂ ತಾವೇ ಕೆತ್ತಿಕೊಡುವವರು ಎಲ್ಲೋ ಒಬ್ಬಿಬ್ಬರು.