ಹಸಿರು ದೀಪದ ಮುಂದೆ

ಹಾಲುಹಲ್ಲು ಉದುರುವ ಮೊದಲೇ ನಾನು ಕ್ಯಾಮೆರಾ ಮುಂದೆ ನಿಂತವಳು. ಧಾರಾವಾಹಿಯಲ್ಲಿ ನನ್ನ ಹೆಸರು ಚಿನಕುರುಳಿ. ಕಾಲೇಜು ಮುಗಿದರೂ ಜನ ಇನ್ನೂ ಹಾಗೇ ಕರೆದು ಕೆನ್ನೆ ಹಿಂಡಲು ಬರುತ್ತಾರೆ. ಆ ಕೈಗಳನ್ನು ಕಚ್ಚಬೇಕೆನಿಸುತ್ತದೆ.

ಈಗ ನನ್ನದು ಡ್ರ್ಯಾಗ್ ರೇಸ್. ನೆಟ್ಟನೆಯ ರಸ್ತೆ, ಅಕ್ಕಪಕ್ಕ ಎರಡು ಕಾರು. ಹಸಿರು ದೀಪ ಹತ್ತಿದ ಕೂಡಲೇ ನುಗ್ಗಬೇಕು, ಕೊನೆಯ ಗೆರೆ ಮೊದಲು ಮುಟ್ಟಿದವರು ಗೆದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಮ್ಮ ಇದನ್ನು ಹುಚ್ಚು ಅನ್ನುತ್ತಾಳೆ.

ನಿರ್ಮಾಪಕರು ಚಿನಕುರುಳಿ ಬೆಳೆದು ದೊಡ್ಡವಳಾದ ಮೇಲಿನ ಕಥೆಯನ್ನು ನನ್ನನ್ನೇ ಹಾಕಿಕೊಂಡು ತೆಗೆಯುವವರಿದ್ದರು. ಅಮ್ಮ ಒಪ್ಪಂದಕ್ಕೆ ಬಂದಳು. "ಭಾನುವಾರದ ಓಟ ಗೆದ್ರೆ ನಿನ್ನ ದಾರಿ ನಿಂದು. ಸೋತ್ರೆ ಸೋಮವಾರ ತೆಪ್ಪಗೆ ಸೆಟ್ಟಿಗೆ ಬರ್ಬೇಕು."

ಆಗಲಿ ಅಂದೆ. ಅಂದಮೇಲೆ ತಲೆ ಕೆಟ್ಟಿತು. ನನಗೆ ಕಾರು ಇಷ್ಟವೋ, ಅಮ್ಮನಿಗೆ ಎದುರಾಡುವುದು ಇಷ್ಟವೋ? ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಕೂತಾಗ ಮೇಕಪ್ ಕೋಣೆಯ ಪೌಡರಿನ ವಾಸನೆ ನೆನಪಾಗುತ್ತಿತ್ತಲ್ಲ, ಅದಕ್ಕೇನು ಹೇಳುವುದು?

ಭಾನುವಾರ ಟೈರು ಬಿಸಿಯಾಗಲೆಂದು ನಿಂತಲ್ಲೇ ಚಕ್ರ ತಿರುಗಿಸಿ ಹೊಗೆ ಎಬ್ಬಿಸಿದೆ. ಮೆಕ್ಯಾನಿಕ್ ಮೇಸ್ತ್ರಿ ಕೈಸನ್ನೆ ಮಾಡುತ್ತ ನನ್ನನ್ನು ಗೆರೆಯ ತನಕ ತಂದು ನಿಲ್ಲಿಸಿದರು. ಹಳದಿ ಹತ್ತಿತು, ಹಸಿರು ಹತ್ತಿತು. ನಾನು ಕಲ್ಲಿನಂತೆ ಕೂತೆ. ಗದ್ದ ತಗ್ಗಿಸಿ, ಭುಜ ಸಡಿಲಿಸಿ, ನೋಟ ನೆಟ್ಟು, ಎಲ್ಲವೂ ಅಚ್ಚುಕಟ್ಟು. ಸೆಟ್ಟಿನಲ್ಲಿ ದೀಪ ಹತ್ತಿತೆಂದರೆ ಅದೇ ಕಾನೂನು. ನಿರ್ದೇಶಕರು ಕೂಗುವ ತನಕ ಮೂಗಿನ ಮೇಲೆ ನೊಣ ಕೂತರೂ ಅಲುಗಬಾರದು. ಪಕ್ಕದ ಕಾರು ಹಾರಿತು. ಯಾರಪ್ಪಾ ಇವನು, ಹೇಳುವ ಮೊದಲೇ ಹೊರಟನಲ್ಲ ಅಂದುಕೊಂಡೆ. ಆಮೇಲೆ ಹೊಳೆಯಿತು, ಇಲ್ಲಿ ಕೂಗುವ ನಿರ್ದೇಶಕರಿಲ್ಲ. ಆಕ್ಸಿಲರೇಟರ್ ಒತ್ತಿದೆ, ಅಷ್ಟರಲ್ಲಿ ಓಟ ಕೈತಪ್ಪಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನನ್ನದು ಕಲಿತ ಗುಣ, ಅದೂ ಹೋಗಿರಲಿಲ್ಲ.

ಶೆಡ್ಡಿಗೆ ಬಂದಾಗ ಮೇಸ್ತ್ರಿ ಬಾನೆಟ್ ಎತ್ತಿದರು. "ಗಾಡಿ ಕೈಕೊಡ್ತೇನಮ್ಮಾ?"

"ಇಲ್ಲ. ಯಾರಾದ್ರೂ ಹೇಳ್ತಾರೆ ಅಂತ ಕಾಯ್ತಿದ್ದೆ."

ಅವರು ನನ್ನನ್ನು ನೋಡಿದರು, ಇಂಜಿನ್ ನೋಡಿದರು. ಯಾವುದನ್ನು ರಿಪೇರಿ ಮಾಡಬೇಕೆಂದು ತಿಳಿಯದೆ ಬಾನೆಟ್ ಮುಚ್ಚಿದರು.

ಅಷ್ಟರಲ್ಲಿ ಅಮ್ಮ ಬಂದಳು. ಗೆದ್ದ ನಗು ಇರುತ್ತದೆಂದುಕೊಂಡಿದ್ದೆ. ಅವಳು ಬಾಯಿ ತೆರೆದರೆ ಬರೀ ಗಾಳಿ ಬಂತು. ಗಂಟಲು ಪೂರ್ತಿ ಕಟ್ಟಿತ್ತು, ಪಿಸುದನಿಯಲ್ಲೇ ಹೇಳಿದಳು.

"ಎಷ್ಟು ಕೂಗಿದೆ ಗೊತ್ತೇನೇ? ಹೋಗೇ, ಹೋಗೇ ಅಂತ. ಪಕ್ಕದಲ್ಲಿ ಕೂತಿದ್ದೋರು ಎದ್ದೇ ಹೋದ್ರು."

"ನಾನು ಸೋಲ್ಲಿ ಅಂತ ತಾನೇ ನೀನು ಬಂದಿದ್ದು?"

"ಹೂಂ."

"ಮತ್ತೆ?"

"ನಂಗೇನ್ ಗೊತ್ತು?" ಎಂದು ಹಳೇ ಟೈರಿನ ಮೇಲೆ ಕುಸಿದಳು. ನನಗಿಂತ ಅವಳೇ ಹೆಚ್ಚು ಗಲಿಬಿಲಿಗೊಂಡಿದ್ದಳು. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಆಮೇಲೆ, ಎಂದೂ ಮಾತಾಡಿಸದ ಮೇಸ್ತ್ರಿಯ ಕಡೆ ತಿರುಗಿದಳು. "ಮತ್ತೆ ಓಟ ಯಾವಾಗ ಇದೆ?"

"ಬರೋ ತಿಂಗ್ಳು ಇದೆಯಮ್ಮಾ."

"ಇವಳ ಹೆಸ್ರು ಬರೆಸಿ."

"ನಾಳೆ ಸೆಟ್ಟು?" ಎಂದೆ.

"ನೀನು ಬರಲ್ಲ ಅಂತ ನಾನೊಬ್ಳೇ ಹೋಗಿ ಹೇಳಿ ಬರ್ತೀನಿ."

ನನಗೆ ಅಳು ಬಂತು. ಕಟ್ ಅನ್ನುವವರು ಯಾರೂ ಇರಲಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಅಳುತ್ತಲೇ ಇದ್ದೆ.